ಏಳನೇ ಕ್ಲಾಸಿನ ಮಹೆವಿಶ

"ಏ ಹಲ್ಕಟ್, ಬಾಗಲದಾಗ ಯಾಕ ನಿಂತೀ? ನಿನ್ನ ಹೊಲಸ ಮಾರಿ ಫೋಟೋದಾಗ ಬರ್ತದ. ಹಿಂದ ನಡಿ!"

ರಮೇಶಕುಮಾರ ಹೀಗೆ ಗದರಿಸಿದ್ದು ಚಾಂದಬೀಯನ್ನು. ಅವಳ ತಲೆ, ಹುಬ್ಬು, ಸೀರೆ ಎಲ್ಲದರ ಮೇಲೂ ಫರಸಿ ಕಲ್ಲಿನ ಧೂಳು ಕೂತಿತ್ತು. ಶಹಾಬಾದದ ಆಚೆಯ ಖಣಿಯಲ್ಲಿ ಬೆಳಿಗ್ಗೆಯಿಂದ ಕಲ್ಲು ಹೊತ್ತವಳು, ಚಹಾ ಮಾಡಲು ಇಬ್ಬರನ್ನು ಕಳಿಸಿರೆಂದು ಅವನೇ ಹೇಳಿಕಳಿಸಿದ್ದರಿಂದ ಜೊತೆಯ ಕೂಲಿ ಮಾಳಮ್ಮನೊಂದಿಗೆ ಅವನ ಕಚೇರಿಗೆ ಬಂದಿದ್ದಳು. ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಮೂರು ವರ್ಷದಿಂದ 'ಏ' ಎಂದರೇ ಸಾಕಾಗಿತ್ತು.

ಅವನು ಖಣಿ ಕೂಲಿಗಳನ್ನು ಉದ್ಧಾರ ಮಾಡುವ ಸಂಸ್ಥೆಯೊಂದರ ಸಂಯೋಜಕ. ಹೆಂಗಸರಿಗೆ ಅಕ್ಷರ, ಅವರ ಮಕ್ಕಳಿಗೆ ಶಾಲೆ. ಉದ್ಧಾರವೂ ಕಣ್ಣಿಗೆ ಕಾಣುವಂತೆಯೇ ಆಗಿತ್ತು: ಅವನ ಮೋಟಾರ್ ಸೈಕಲ್ಲು ಕಾರಾಗಿತ್ತು. ಈಗ ಕಾರ್ಯಕ್ರಮದಿಂದ ಎಷ್ಟು ಪರಿಣಾಮವಾಗಿದೆಯೆಂದು ಅಳೆಯಲು ಬೆಂಗಳೂರಿನಿಂದ ಮೇಡಂ ಒಬ್ಬರು ಬರುವವರಿದ್ದರು. ಅಳೆಯುವುದಕ್ಕೆ ಕಲಿತವರು ಬೇಕಲ್ಲ! ಚಿತ್ತಾಪುರದ ಕಾಲೇಜಿನ ಹುಡುಗಿಯರನ್ನು ಕರೆಸಿ, ಹಳೆ ಸೀರೆ ಉಡಿಸಿ, ಖಣಿ ಹೆಂಗಸರ ಹೆಸರು ಹಂಚಿ ಚಾಪೆಯ ಮೇಲೆ ಕೂಡಿಸಿದ್ದ. ತಾನೇ ಮುಂದೆ ನಿಂತು ಅವರ ತಲೆಗೆ ಒಂದೊಂದು ಹಿಡಿ ಕಲ್ಲಿನ ಧೂಳನ್ನೂ ಉದುರಿಸಿದ್ದ.

ಹಿತ್ತಲ ಒಲೆಯ ಮುಂದೆ ಮಾಳಮ್ಮ ಚಹಾ ಕುದಿಸುತ್ತಿದ್ದಳು.

"ಚಾಂದಬೀ, ಒಳಗ ನೋಡಿದೇನ? ಆ ಹಸರ ಸೀರಿ ಹುಡುಗಿ ನಾನಂತ!"

"ಈ ವಯಸ್ಸಿನಾಗ ಭಾಳ ಚಂದ ಆಗೀದಿ ಬಿಡು."

ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಮೇಡಂ ಬಂದರು. ಹಸಿರು ಸೀರೆಯ ಮಾಳಮ್ಮ ಎದ್ದು ಬೋರ್ಡಿನ ಮೇಲೆ ತನ್ನ ಹೆಸರು ಬರೆದಳು. ಚಪ್ಪಾಳೆ ಬಿತ್ತು. ಆಮೇಲೆ ತಬಸ್ಸುಮ್ ಎಂಬ ತೆಳ್ಳನೆಯ ಹುಡುಗಿ ಎದ್ದಳು. "ನನ್ನ ಹೆಸರ ಚಾಂದಬೀರಿ" ಎಂದು ಹೇಳಿ, ಆ ಹೆಸರನ್ನು ದುಂಡಗೆ ಬರೆದಳು.

ಚಹಾದ ತಟ್ಟೆ ಹಿಡಿದು ಒಳಗೆ ಬಂದ ಚಾಂದಬೀ ಆ ಅಕ್ಷರಗಳನ್ನು ನೋಡುತ್ತ ನಿಂತಳು. ಅದು ತನ್ನ ಹೆಸರೆಂದು ಅವಳಿಗೆ ತಿಳಿದದ್ದು ಕಿವಿಯಿಂದಲೇ.

"ಮಕ್ಕಳೆಷ್ಟು ಚಾಂದಬೀ?" ಮೇಡಂ ಕೇಳಿದರು.

"ಒಬ್ಬಾಕಿ ಮಗಳ್ರಿ ಮೇಡಂ, ಮಹೆವಿಶ. ಮೊದಲ ನನ್ನ ಸಂಗಟ ಖಣಿಗಿ ಬರ್ತಿದ್ದಳು. ಈಗ ಸರ್ ಸಾಲಿಗಿ ಹಾಕ್ಯಾರ. ಏಳನೇ ಕ್ಲಾಸ್ ಓದಾಕತ್ತಾಳ. ಡಾಕ್ಟರ್ ಆಗ್ತೀನಿ ಅಂತಾಳ."

"ನೋಡಿ, ಇದು ಇಂಪ್ಯಾಕ್ಟ್ ಅಂದ್ರೆ!" ಮೇಡಂ ರಮೇಶಕುಮಾರನ ಕಡೆ ತಿರುಗಿ ನಕ್ಕರು.



ಸಂಸ್ಥೆಯವರು ಚಾಂದಬೀಯ ಮಗಳು ಮಹೆವಿಶಳಿಗೆ ಬ್ಯಾಗು ಕೊಟ್ಟಿದ್ದು ಖರೆ, ಬಣ್ಣದ ಫೋಟೋ ತೆಗೆದಿದ್ದೂ ಖರೆ. ಶಾಲೆಗೆ ಮಾತ್ರ ಬೀಗ ಬಿದ್ದಿರುತ್ತಿತ್ತು. ಹೋದ ಮಳೆಗಾಲದಲ್ಲಿ ಒಂದು ದಿನ ಮಾಸ್ತರ ಬರಲಿಲ್ಲವೆಂದು ತಿರುಗಿ ಬಂದ ಹುಡುಗಿ, ಕೊಡ ಹಿಡಿದು ನೀರು ತರಲು ಹಳೇ ಖಣಿಯ ಹೊಂಡಕ್ಕೆ ಹೋದಳು. ಜಾರುವ ಫರಸಿಯ ಮೇಲೆ ಕಾಲಿಟ್ಟಳು. ಹೆಣ ಮೇಲೆತ್ತುವಾಗ ರಮೇಶಕುಮಾರನೂ ಬಂದಿದ್ದ. ಸಂಸ್ಥೆಯ ಹೆಸರು ಎಲ್ಲೂ ಬರಬಾರದೆಂದು ಪೊಲೀಸರಿಗೆ ಹೇಳಿ ಹೋದ. ತಾಯಿಯ ಮುಖ ನೋಡಲು ಅವನಿಗೆ ಪುರಸೊತ್ತಿರಲಿಲ್ಲ.

ಚಾಂದಬೀ ತಟ್ಟೆಯನ್ನು ನೆಲಕ್ಕಿಟ್ಟು ತಬಸ್ಸುಮಳ ಎದುರಿಗೆ ಹೋದಳು. ದನಿ ಏರಿಸಲಿಲ್ಲ.

"ಯಾವ ಸಾಲಿಗಿ ಹೋಗ್ತಾಳ ಬೇಟಿ, ಅಕಿ? ಎಲ್ಲಿ ಅದಾಳ ಹೇಳು. ನಾ ಹೋಗಿ ಕರ್ಕೊಂಡ ಬರ್ತೀನಿ."

ಹುಡುಗಿ ರಮೇಶಕುಮಾರನ ಕಡೆ ನೋಡಿದಳು.

"ಏ ಬೋಸುಡಿ, ಹೊರಗ ನಡಿ!" ರಮೇಶಕುಮಾರ ಧಾವಿಸಿ ಬಂದ. "ಮೇಡಂ, ಇಕಿ ತಲಿ ಕೆಟ್ಟಾಕಿ. ಚಹಾ ಕೊಡಾಕ ಬಂದಾಕಿರಿ."

"ಚಹಾ ಕೊಡಾಕ ಬಂದಾಕಿನೂ ನಾನೇ, ಚಾಂದಬೀನೂ ನಾನೇ. ಮಗಳು ಖಣಿ ನೀರಾಗ ಸತ್ತಾಳ. ನೀ ಅಕಿನ್ನ ಏಳನೇ ಕ್ಲಾಸಿನ್ಯಾಗ ಕುಂದ್ರಿಸೀಯೇನೋ ಭಾಡ್ಯಾ?"

"ನನಗ ಗೊತ್ತಿರಲಿಲ್ಲ ಖಾಲಾ," ತಬಸ್ಸುಮ್ ಅಳತೊಡಗಿದಳು. "ಸರ್ಟಿಫಿಕೇಟ್ ಕೊಡ್ತೀನಿ, ಹಿಂಗ ಹೇಳು ಅಂದ್ರು ಸರ್."

ಮೇಡಂ ಕೈಗಡಿಯಾರ ನೋಡಿಕೊಂಡರು. ಅವರು ಊಟಕ್ಕೆ ಸೇಡಂ ತಲುಪಬೇಕಾಗಿತ್ತು.

"ತುಂಬಾ ಬೇಜಾರಿನ ವಿಷಯ. ಆದರೆ ಇವರು ನಮ್ಮ ಸ್ಯಾಂಪಲ್‌ನಲ್ಲಿ ಇಲ್ಲ ಅಲ್ವಾ ರಮೇಶ್?"

"ಇಲ್ರಿ ಮೇಡಂ, ಇಕಿ ಇಲ್ಲೇ ಇಲ್ರಿ."

ಚಾಂದಬೀ ಮೇಡಂ ಅವರ ಮಣಿಕಟ್ಟು ಹಿಡಿದಳು. ಕಲ್ಲು ಹೊತ್ತು ಕಾಯಿಗಟ್ಟಿದ ಕೈ ಅದು, ಬಿಡಿಸಿಕೊಳ್ಳಲಾಗಲಿಲ್ಲ.

"ಬರ್ರಿ. ಸಾಲಿ ತೋರಿಸ್ತೀನಿ."

ರಮೇಶಕುಮಾರ ಹಿಂದೆ ಓಡಿದ. ಬಾಗಿಲಲ್ಲಿ ಮಾಳಮ್ಮ ಕುದಿಯುವ ಚಹಾದ ಪಾತ್ರೆಯನ್ನೇ ಸೆರಗಿನಲ್ಲಿ ಹಿಡಿದು ಅಡ್ಡ ನಿಂತಿದ್ದಳು.

"ಒಂದ ಹೆಜ್ಜಿ ಮುಂದ ಇಟ್ಟಿ ಅಂದ್ರ ಮಾರಿಗಿ ಸುರಿತೀನಿ ನೋಡು. ನಾನೂ ಸರ್ಟಿಫಿಕೇಟ್ ಕೊಡ್ತೀನಿ ನಿನಗ."

ಅವನು ಹೊಸ್ತಿಲಲ್ಲೇ ನಿಂತ.

ಬಿಸಿಲಿಗೆ ಕಾದ ಕಲ್ಲಿನ ಚೂರುಗಳ ಮೇಲೆ ಮೇಡಂ ಎಡವುತ್ತ ನಡೆದರು. ಚಾಂದಬೀ ಬರಿಗಾಲಲ್ಲಿದ್ದಳು. ಹಳೇ ಖಣಿಯ ಅಂಚಿಗೆ ಬಂದು ನಿಲ್ಲಿಸಿದಳು. ಕೆಳಗೆ, ಗೋಡೆಯಂತೆ ಕಡಿದ ಫರಸಿಗಳ ನಡುವೆ ಹಸಿರು ನೀರು ಅಲ್ಲಾಡದೆ ನಿಂತಿತ್ತು.

"ನನ್ನ ಕೈ ಬಿಡಿ, ಪ್ಲೀಸ್."

"ಬಿಡ್ತೀನ್ರಿ. ಹಾಜರಿ ತಗೋರಿ ಮೊದಲ. ಹೆಸರ ಕರೀರಿ."

ಮೇಡಂ ಸುತ್ತ ನೋಡಿದರು. ಬರುವವರು ಯಾರೂ ಇರಲಿಲ್ಲ.

"ಮಹೆವಿಶ," ಎಂದರು.

"ಜೋರ ಕರೀರಿ," ಎಂದಳು ಚಾಂದಬೀ. "ಭಾಳ ಆಳ ಅದ."