ನೆರೆಹೊರೆಯ ಮುದ್ರಕ

ಶ್ರೀಲಂಕಾಕ್ಕೆ ನಮ್ಮ ಸೈನ್ಯ ಹೋದ ವರ್ಷ ಸಿಂಧನೂರಿನಲ್ಲಿ 'ನೆರೆಹೊರೆ' ಎಂಬ ಮಾಸಪತ್ರಿಕೆ ಹುಟ್ಟಿತು. ವಿದೇಶಾಂಗ ನೀತಿ ಬಿಟ್ಟು ಅದರಲ್ಲಿ ಬೇರೇನೂ ಇರುತ್ತಿರಲಿಲ್ಲ. ಗುರುಗುಂಟಾದ ಸಿಪಾಯಿಯೊಬ್ಬ ಜಾಫ್ನಾದಲ್ಲಿ ತೀರಿಕೊಂಡಾಗ, ಅವನು ಯಾರ ಜಗಳಕ್ಕೆ ಹೋಗಿ ಸತ್ತನೆಂದು ಯಾರಿಗೂ ಹೇಳಲಾಗಲಿಲ್ಲ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ವೆಂಕೋಬನಿಗೆ ಅದು ಚುಚ್ಚಿತು.

"ಸಾಯೋರು ನಮ್ಮೋರು. ಯಾಕಂತ ಕೇಳಾಕ ಡೆಲ್ಲಿಯೋರ ಬೇಕೇನು?" ಎಂದು ಗೆಳೆಯ ನಬೀಸಾಬನನ್ನು ಕೇಳಿದ.

ಬಸ್ ಸ್ಟ್ಯಾಂಡಿನ ಹಿಂದೆ ನಬೀಸಾಬನ ಪ್ರೆಸ್ಸಿತ್ತು. ವೆಂಕೋಬ ಸರಕಾರಿ ನೌಕರ. ಪತ್ರಿಕೆ ಅವನ ಹೆಸರಲ್ಲಿ ಬರುವಂತಿರಲಿಲ್ಲ.

"ನನ್ನ ಹೆಸರು ಹಾಕ್ರಿ ಸರ, ಅದಕ್ಕೇನು," ಎಂದ ನಬೀಸಾಬ.

ಲೇಖನಗಳಿಗೆ ಸಹಿ ಬೇಡವೆಂದು ಇಬ್ಬರೂ ನಿಶ್ಚಯಿಸಿದರು. ಓದುವವರು ಮಾತನ್ನು ತೂಗಲಿ, ಬರೆದವನ ಜಾತಿಯನ್ನಲ್ಲ. ಪುಢಾರಿಗಳ ಫೋಟೋ ಇಲ್ಲ. ಜಗಳವಿದ್ದರೆ ಎರಡೂ ದೇಶಗಳ ವಾದ ಇರಲೇಬೇಕು. ಮಸ್ಕಿ, ಲಿಂಗಸುಗೂರಿನ ಮಾಸ್ತರರು, ವಕೀಲರು ತಕರಾರು ಬರೆದರೆ ವೆಂಕೋಬ ಅದನ್ನೂ ಸಂತೋಷದಿಂದ ಅಚ್ಚು ಹಾಕಿಸುತ್ತಿದ್ದ.

೧೯೯೧ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ವಿಮಾನಗಳಿಗೆ ನಮ್ಮ ದೇಶ ಇಂಧನ ಕೊಟ್ಟಿತು. ಅದು ತಪ್ಪೆಂದು ವೆಂಕೋಬ ಬರೆದ. ಸಂಚಿಕೆ ಹೊರಬಿದ್ದ ವಾರದಲ್ಲೇ ಜವಳಗೇರಾದ ಆದಪ್ಪ ಮಂದಿ ಕಟ್ಟಿಕೊಂಡು ಪ್ರೆಸ್ಸಿಗೆ ನುಗ್ಗಿದ. ಅವನೂ ಪತ್ರಿಕೆಯ ಚಂದಾದಾರನೇ.

"ಸದ್ದಾಮ ನಿಮ್ಮ ಮಾವ ಆಗಬೇಕೇನಲೇ ಸಾಬ?"

ಸುದ್ದಿ ತಿಳಿದು ವೆಂಕೋಬ ಓಡಿ ಬಂದ. "ಬರದಾಂವ ನಾನು! ನನ್ನ ಕೇಳು, ಆದಪ್ಪ!"

ಆದಪ್ಪ ದನಿ ತಗ್ಗಿಸಿದ. "ನೀವು ದೊಡ್ಡ ಮನಸ್ಸಿನೋರು ಸರ. ಅವನ್ನ ಉಳಸಾಕ ಹಿಂಗಂತೀರಿ. ಮನಿಗೆ ಹೋಗ್ರಿ."

ಅಚ್ಚುಮೊಳೆಯ ಪೆಟ್ಟಿಗೆಗಳು ಚರಂಡಿಗೆ ಬಿದ್ದವು. ಪೊಲೀಸರು ವೆಂಕೋಬನಿಗೆ ಕುರ್ಚಿ ಹಾಕಿ ಚಹಾ ಕೊಟ್ಟರು. ನಬೀಸಾಬನಿಂದ, ಇನ್ನು ದೇಶದ ವಿರುದ್ಧ ಅಚ್ಚು ಹಾಕುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡರು.

ಮರುದಿನ ಚರಂಡಿಯಿಂದ ಮೊಳೆ ಆಯುತ್ತಿದ್ದ ಗೆಳೆಯನ ಪಕ್ಕ ವೆಂಕೋಬ ಕುಕ್ಕರಿಸಿದ. "ಮುಂದಿಂದು ನನ್ನ ಹೆಸರಿಲೆ ತರೂಣು. ನೌಕರಿ ಹೋದ್ರ ಹೋಗ್ಲಿ."

"ನನ್ನ ಬಿಟ್ಟುಬಿಡ್ರಿ ಸರ. ನೀವು ಬರದ್ರ ಅದು ವಿಚಾರ, ನಾ ಅಚ್ಚು ಹಾಕಿದ್ರ ಅದು ದ್ರೋಹ," ಎಂದ ನಬೀಸಾಬ, ತಲೆ ಎತ್ತದೆ.

ವೆಂಕೋಬ ಲಿಂಗಸುಗೂರಿನ ಬೇರೊಂದು ಪ್ರೆಸ್ಸಿನಲ್ಲಿ ಅದೇ ಲೇಖನವನ್ನು, ಒಂದಕ್ಷರ ಬದಲಿಸದೆ, ತನ್ನ ಹೆಸರು ಹಾಕಿ ಮತ್ತೆ ಅಚ್ಚು ಮಾಡಿಸಿದ. ಹೊಡೆತಕ್ಕೂ ಸಿದ್ಧನಾಗಿದ್ದ. ಏನೂ ಆಗಲಿಲ್ಲ. ನೌಕರಿಯೂ ಹೋಗಲಿಲ್ಲ. ಚಹಾದಂಗಡಿಯಲ್ಲಿ ಸಿಕ್ಕ ಆದಪ್ಪ ಎದ್ದು ನಿಂತು ಕೈಮುಗಿದ.

"ಓದಿದೆ ಸರ. ಭಾಳ ಚಲೋ ಬರದೀರಿ. ದೇಶದ ಕಾಳಜಿ ಅಂದ್ರ ಹಿಂಗಿರಬೇಕು."

ಆ ಸಂಚಿಕೆಯೇ 'ನೆರೆಹೊರೆ'ಯ ಕೊನೆಯದಾಯಿತು. ಅದನ್ನು ತೋರಿಸಲು ವೆಂಕೋಬ ಬಸ್ ಸ್ಟ್ಯಾಂಡಿನ ಹಿಂದೆ ಹೋದಾಗ, ನಬೀಸಾಬ ಪ್ರೆಸ್ ಮಾರಿ ಊರು ಬಿಟ್ಟಿದ್ದ.