ಅಯ್ಯಮ್ಮನ ಹೆಬ್ಬೆಟ್ಟು

ಪಂಚಶೀಲಾ ಮೂರನೆಯ ಸಲ ಸಾಬೂನು ಹಚ್ಚಿ ಅವ್ವನ ಎಡಗೈ ಹೆಬ್ಬೆರಳನ್ನು ತಿಕ್ಕಿದಳು. ಬಣ್ಣ ಹೋಗಲಿಲ್ಲ. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ನೇರಳೆ ಶಾಯಿ ಕೂತುಬಿಟ್ಟಿತ್ತು.

"ಸಾಕು ಬಿಡು ಬೇಟಿ, ಎಷ್ಟಂತ ತಿಕ್ಕತಿ?" ನೀರು ಹಾಕುತ್ತಿದ್ದ ದಾವಲಬೀ ತಂಬಿಗೆ ಕೆಳಗಿಟ್ಟಳು. ಅವಳೂ ಪಂಚಶೀಲಾಳ ಅವ್ವ ಅಯ್ಯಮ್ಮನೂ ಇಪ್ಪತ್ತೈದು ವರ್ಷ ಒಂದೇ ಗುಂಪಿನಲ್ಲಿ ಭತ್ತದ ನಾಟಿಗೆ ಹೋದವರು. "ಬಿಸಲು ಏರಾಕತ್ತದ. ಹೊರಗ ಮಂದಿ ಕಾಯಾಕತ್ತಾರ."

"ಇದು ನಿನ್ನಿ ಇರಲಿಲ್ಲ, ಖಾಲಾ."

ಇರಲಿಲ್ಲ ಎಂಬುದು ಪಂಚಶೀಲಾಗೆ ಖಚಿತವಾಗಿ ಗೊತ್ತಿತ್ತು. ನಿನ್ನೆ ಸಂಜೆ ಅವ್ವನಿಗೆ ಗಂಜಿ ಕುಡಿಸಿ ಕೈತೊಳೆಸಿದ್ದು ಅವಳೇ. ಎದೆ ಹಿಡಿದುಕೊಂಡು ಗೋಡೆಗೆ ಒರಗಿದ ಅವ್ವ, ಆಟೊ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಆಗಲೂ ಮಗಳು ಹಿಡಿದುಕೊಂಡಿದ್ದು ಇದೇ ಕೈ. ಬೆರಳು ಸ್ವಚ್ಛವಾಗಿತ್ತು.

"ಮುಂಜಾನಿ ನಾ ಬಿಳಿ ಬಟ್ಟಿ ತರಾಕ ಶಹಾಪುರಕ್ಕ ಹೋಗಿದ್ನಲ್ಲ, ಆವಾಗ ಅವ್ವನ ಹತ್ರ ಯಾರಿದ್ರು?"

"ನಾನ ಇದ್ದೆ. ನಡುವ ನಿಮ್ಮ ಮಾಮಾ ಬಂದ. 'ನೀ ಸ್ವಲ್ಪ ಚಾ ಕಾಸ್ಕೊಂಡು ಬಾ, ನಾ ಅಕ್ಕನ ಹತ್ರ ಕುಂದ್ರತೀನಿ' ಅಂದ. ಬಾಗಲಾ ಮುಂದ ಮಾಡಿದ್ದ. ನಾಲ್ಕು ಮಂದಿ ಮುಂದ ಅಳಾಕ ನಾಚಕಿ ಇರಬೇಕು ಅಂತ ನಾ ಸುಮ್ನಾದೆ." ಹೇಳುತ್ತ ಹೇಳುತ್ತ ದಾವಲಬೀಯ ಕಣ್ಣು ಆ ಬೆರಳಿನ ಮೇಲೆ ಬಿತ್ತು. "ಯಾ ಅಲ್ಲಾ" ಎಂದು ಬಾಯಿಗೆ ಸೆರಗು ಹಿಡಿದುಕೊಂಡಳು.

ಪಂಚಶೀಲಾ ಹಿತ್ತಲಿಗೆ ಬಂದು ಹಬೀಬಾಗೆ ಫೋನು ಮಾಡಿ ಬೆರಳಿನ ಶಾಯಿಯ ಸಂಗತಿ ಹೇಳಿದಳು. ಹಬೀಬಾ ಶಹಾಪುರದ ವಕೀಲೆ. ದವಾಖಾನೆಯೊಂದರ ಮೇಲಿನ ಅಯ್ಯಮ್ಮನ ದೂರನ್ನು ಐದು ವರ್ಷದಿಂದ ಮಹಿಳಾ ಆಯೋಗದ ಮುಂದೆ ನಡೆಸುತ್ತ ಬಂದವಳು. ವಿಚಾರಣೆ ಬರುವ ಸೋಮವಾರವೇ ಇತ್ತು.

"ಅರ್ಜಿದಾರಳು ಹೋದ್ರ ಮಗಳು ಮುಂದ ನಡಸಬಹುದು, ಅದಕ್ಕ ನಾ ಇದ್ದೀನಿ" ಎಂದಳು ಹಬೀಬಾ. "ಆದ್ರ ಸಾಯೂಕಿಂತ ಮೊದಲ ಆಕೀನ ದೂರು ವಾಪಸ್ ತಗೊಂಡಾಳ ಅಂತ ಒಂದು ಕಾಗದ ಹೋಯ್ತಂದ್ರ ಕತಿ ಮುಗೀತು. ನಾ ಹೊಂಟೀನಿ. ಅಲ್ಲೀತನಕ ಆ ಕಾಗದ ದವಾಖಾನಿಯವರ ಕೈ ಸೇರಬಾರದು, ಪಂಚಶೀಲಾ."

*

ಹನ್ನೆರಡು ವರ್ಷದ ಹಿಂದೆ ಅಯ್ಯಮ್ಮನಿಗೆ ಮೂವತ್ನಾಲ್ಕು. ಕಿಬ್ಬೊಟ್ಟೆ ನೋವೆಂದು ಒದ್ದಾಡುತ್ತಿದ್ದವಳನ್ನು ತಮ್ಮ ಮರಿಲಿಂಗ ತನ್ನ ಆಟೊದಲ್ಲಿ ಪೇಟೆಯ ಒಂದು ಖಾಸಗಿ ದವಾಖಾನೆಗೆ ಕರೆದೊಯ್ದ. ಗಂಡ ಭೀಮರಾಯ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅಕ್ಕನಿಗೆ ತಾನೊಬ್ಬನೇ ದಿಕ್ಕು ಎಂಬ ಹೆಮ್ಮೆಯೂ ಮರಿಲಿಂಗನಿಗಿತ್ತು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಗಡ್ಡಿ ಅದ, ಇವತ್ತ ತೆಗೀಬೇಕು, ಬಿಟ್ರ ಕ್ಯಾನ್ಸರ್ ಆಗ್ತದ" ಎಂದರು. ಆ ಒಂದು ಮಾತಿಗೆ ಅಕ್ಕ ತಮ್ಮ ಇಬ್ಬರೂ ತಣ್ಣಗಾದರು. ನರ್ಸು ಬಂದು ನಾಲ್ಕು ಹಾಳೆಯ ಕಾಗದವನ್ನೂ ಶಾಯಿಯ ಡಬ್ಬಿಯನ್ನೂ ಮಂಚದ ಮೇಲಿಟ್ಟು ಹೋದಳು.

"ಏನ್ ಬರದಾರೋ ತಮ್ಮಾ? ಓದಿ ಹೇಳೋ."

"ಇಂಗ್ಲಿಷ್ ಅದಕ್ಕ, ನಂಗ ಬರಂಗಿಲ್ಲ. ದವಾಖಾನಿ ಕಾಗದ ಎಲ್ಲಾ ಹಿಂಗ ಇರ್ತಾವ. ಒತ್ತು."

ಅವಳು ಅನುಮಾನಿಸಿದಳು. ಅವನೇ ಅವಳ ಕೈ ಹಿಡಿದು, ಶಾಯಿಗೆ ಅದ್ದಿ, ನಾಲ್ಕೂ ಕಡೆ ಒತ್ತಿಸಿದ.

ತೆಗೆದದ್ದು ಗಡ್ಡೆಯಲ್ಲ, ಗರ್ಭಚೀಲ ಎಂದು ತಿಳಿಯಲು ಒಂದು ವರ್ಷ ಬೇಕಾಯಿತು. ತಿಂಗಳ ಮುಟ್ಟು ನಿಂತದ್ದನ್ನು ಆಪರೇಷನ್ನಿನ ನಿಶ್ಶಕ್ತಿ ಎಂದೇ ಆಕೆ ನಂಬಿದ್ದಳು. ಸರಕಾರಿ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಸ್ಕ್ಯಾನಿಂಗ್ ಮಾಡಿಸಿ, ಒಳಗೆ ಏನೇನಿಲ್ಲವೆಂದು ತಿಳಿಯಹೇಳಿದಳು. ಅಷ್ಟರಲ್ಲಿ ಅಯ್ಯಮ್ಮನ ಮೂಳೆಗಳು ನೋಯತೊಡಗಿದ್ದವು. ಕುಳಿತಲ್ಲೇ ಮೈಯೆಲ್ಲ ಬೆವರಿಳಿಯುತ್ತಿತ್ತು. ಮೂವತ್ತೈದರಲ್ಲೇ ಅವಳು ತನಗಿಂತ ಹಿರಿಯಳಾದ ದಾವಲಬೀಗಿಂತ ಮುದುಕಿಯಾಗಿ ಕಾಣುತ್ತಿದ್ದಳು.

ಅಷ್ಟರಲ್ಲಿ ಮರಿಲಿಂಗ ಅದೇ ದವಾಖಾನೆಯ ಆಂಬ್ಯುಲೆನ್ಸಿಗೆ ಡ್ರೈವರ್ ಆಗಿದ್ದ.

*

ಮಾಮಾ ಎಲ್ಲಿ ಎಂದರೆ ಗುಂಡಿ ತೋಡುವಲ್ಲಿಗೆ ಹೋದ ಎಂದರು. ಪಂಚಶೀಲಾ ಕಾಲುವೆಯ ದಂಡೆಯ ಮಸಣಕ್ಕೆ ಓಡಿದಳು. ಅಲ್ಲಿದ್ದವರು, ಬಿದಿರು ತರಲು ಹೋದ ಎಂದರು. ಬಿದಿರಿನವರು ಅವನನ್ನು ನೋಡಿಯೇ ಇರಲಿಲ್ಲ. ಬೆಳಗಿನಿಂದ ಅವನು ಎಲ್ಲ ಕೆಲಸಕ್ಕೂ ಮುಂದಾಗಿ, ಯಾವ ಕೆಲಸದಲ್ಲೂ ನಿಲ್ಲದೆ ಹುಳ ಹೊಕ್ಕವರ ಹಾಗೆ ತಿರುಗುತ್ತಿದ್ದ. ಅಕ್ಕ ಹೋದ ಸಂಕಟ ಎಂದು ಓಣಿಯವರು ಕನಿಕರಪಡುತ್ತಿದ್ದರು. ಸಂಕಟವೂ ಸುಳ್ಳಲ್ಲ.

ಕೊನೆಗೆ ಅವನು ಸಿಕ್ಕಿದ್ದು ಕಾಲುವೆಯ ಸೇತುವೆಯ ಬಳಿ, ನಿಲ್ಲಿಸಿದ ಆಂಬ್ಯುಲೆನ್ಸಿನ ಹಿಂದೆ. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದ.

"ಮಾಮಾ, ಕೈ ತೆಗಿ."

"ಯಾಕವ್ವಾ?"

"ತೆಗಿ ಅಂದ್ರ ತೆಗಿ."

ತೆಗೆದ. ಅವನ ಹೆಬ್ಬೆರಳಿಗೂ ತೋರುಬೆರಳಿಗೂ ನೇರಳೆ ಬಣ್ಣ ಮೆತ್ತಿತ್ತು.

"ಕಾಗದ ಎಲ್ಲದ?"

"ಪಂಚೀ, ನನ್ನ ಮಾತು ಕೇಳು. ಮ್ಯಾನೇಜರ್ ಮೂರು ತಿಂಗಳಿಂದ ಜೀವಾ ತಿಂದಾನ. ಸೋಮವಾರದೊಳಗ ನಿಮ್ಮಕ್ಕನ ಕೈಲೆ ವಾಪಸ್ ತಗಸು, ಇಲ್ಲಾಂದ್ರ ಗಾಡಿ ಚಾವಿ ಇಟ್ಟು ಹೋಗು ಅಂದಾನ. ನಾ ಆಕಿ ಮುಂದ ಬಾಯಿ ತಗಿಯಾಕ ಆಗಲಿಲ್ಲ. ಆಕಿನ ಹೋದ್ಲು. ಇನ್ನ ಆ ಹೆಬ್ಬಟ್ಟಿನಿಂದ ಆಕಿಗೇನು ಆಗೂದದ? ನಂಗ ಮೂರು ಮಕ್ಕಳವ."

"ಆಕಿ ಹೋದ್ಲು ಅಂತನ ಒತ್ತಿದಿಯಲ್ಲ ಮಾಮಾ. ಇದ್ದಿದ್ರ ಒತ್ತಸ್ತಿದ್ದೇನು?"

ಹೇಳಬಾರದೆಂದು ಅವ್ವ ಆಣೆ ಹಾಕಿಸಿದ್ದ ಮಾತು ಸಿಟ್ಟಿನಲ್ಲಿ ಪಂಚಶೀಲಾಳ ಬಾಯಿಂದ ಹೊರಗೆ ಬಂದೇಬಿಟ್ಟಿತು.

"ಹ್ವಾದ ವರ್ಷ ಆಯೋಗದವರು ಅವ್ವಗ ಕೇಳಿದ್ರು, ಅವತ್ತು ನಿನ್ನ ಕೈ ಹಿಡದು ಒತ್ತಿಸ್ದವರು ಯಾರು ಅಂತ. ಏನ್ ಹೇಳಿದ್ಲು ಗೊತ್ತದೇನು? 'ಯಾರೋ ನೆನಪಿಲ್ರಿ, ಬ್ಯಾನಿ ಭಾಳಿತ್ತು' ಅಂದ್ಲು. ಹಬೀಬಾ ಅಕ್ಕಾರು ಎಷ್ಟು ಬೈದ್ರು, ಇದರಿಂದ ನಮ್ಮ ಕೇಸ ಸಡ್ಲ ಆಗ್ತದ ಅಂತ. ಆದ್ರೂ ನಿನ್ನ ಹೆಸರು ಬಾಯಾಗ ಬರಲಿಲ್ಲ."

ಮರಿಲಿಂಗ ಆಂಬ್ಯುಲೆನ್ಸಿನ ಬಾಗಿಲಿಗೆ ಕೈಯೂರಿ ನಿಂತ. ಅಷ್ಟರಲ್ಲಿ ಓಣಿಯ ಕಡೆಯಿಂದ ಯಾರೋ ಕೂಗಿದರು: "ಮರಿಲಿಂಗಾ, ನಿಮ್ಮ ದವಾಖಾನಿ ಸಾಹೇಬ್ರು ಹಾರ ತಗೊಂಡು ಬಂದಾರ!"

ಅವನು ಅಂಗಿಯ ಮೇಲಿನ ಜೇಬು ಮುಟ್ಟಿ ನೋಡಿಕೊಂಡು ಸರಸರ ನಡೆದ. ಪಂಚಶೀಲಾ ಬೆನ್ನಿಗೇ ಓಡಿದಳು.

*

ಆ ಆಪರೇಷನ್ನಿನ ಮೇಲೆ ಅಯ್ಯಮ್ಮ ಒಂದು ಚಟ ಹಚ್ಚಿಕೊಂಡಿದ್ದಳು. ಯಾವ ಕಾಗದವೇ ಬರಲಿ, "ಓದಿ ಹೇಳ್ರಿ" ಎನ್ನುತ್ತಿದ್ದಳು. ಪಂಚಾಯಿತಿಯಲ್ಲಿ, ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ, ಎಲ್ಲ ಕಡೆಯೂ. ಪೂರ್ತಿ ಓದಿ ಮುಗಿಸುವವರೆಗೆ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಅಡಗಿಸಿಟ್ಟುಕೊಳ್ಳುತ್ತಿದ್ದಳು. ಹಿಂದೆ ಸಾಲಿನಲ್ಲಿ ನಿಂತವರು ಹಲ್ಲು ಕಡಿಯುತ್ತಿದ್ದರು. ಗ್ಯಾಸ್ ಸಿಲಿಂಡರಿನ ಚೀಟಿಯನ್ನೂ ಓದಿಸಿದಳೆಂದು ಓಣಿಯಲ್ಲಿ ನಗೆಯಾಗಿತ್ತು. ಒಮ್ಮೆ ಬ್ಯಾಂಕಿನ ಗುಮಾಸ್ತ ರೇಗಿ, "ಇಷ್ಟೆಲ್ಲಾ ಓದಿದ್ರ ನಿಂಗ ತಿಳೀತದೇನು?" ಎಂದಾಗ, "ನಂಗ ತಿಳಿಯೂತನಕ ಓದ್ರಿ, ನಾ ನಿಂತಿರ್ತೀನಿ" ಎಂದು ನಿಂತೇ ಇದ್ದಳು.

ಹಬೀಬಾ ಮೊದಲ ಸಲ ಓಣಿಗೆ ಬಂದು ಹೆಣ್ಣುಮಕ್ಕಳ ಸಭೆ ಮಾಡಿದಾಗ, ತಿಳಿಸಿಹೇಳಿ ಒಪ್ಪಿಗೆ ಪಡೆಯದೆ ಯಾರ ಮೈಯನ್ನೂ ಕೊಯ್ಯುವ ಹಕ್ಕು ಯಾವ ಡಾಕ್ಟರಿಗೂ ಇಲ್ಲ ಎಂದಳು. ಹೆಂಗಸರ ಆರೋಗ್ಯದ ಹಕ್ಕನ್ನು ಕಾಯುತ್ತೇವೆಂದು ಲೋಕದ ದೇಶಗಳು ಕೂಡಿ ಒಪ್ಪಂದ ಮಾಡಿಕೊಂಡಿವೆ, ನಮ್ಮ ದೇಶವೂ ಅದಕ್ಕೆ ಸಹಿ ಹಾಕಿದೆ ಎಂದಳು.

ಹಿಂದಿನ ಸಾಲಿನಿಂದ ಅಯ್ಯಮ್ಮ ಕೇಳಿದಳು: "ಓದಿಸ್ಕೊಂಡು ಹಾಕ್ಯಾರೇನ್ರಿ ಸಹಿ?"

ಸಭೆಗೆ ಸಭೆಯೇ ನಕ್ಕಿತು. ಹಬೀಬಾ ಮಾತ್ರ ನಗಲಿಲ್ಲ. ಸಭೆ ಮುಗಿದ ಮೇಲೆ ಆಕೆಯ ಪಕ್ಕ ಕುಳಿತು, ದೂರು ಬರೆದಳು. ಬರೆದ ಒಂದೊಂದು ಸಾಲನ್ನೂ ಮೂರು ಮೂರು ಸಲ ಓದಿ ಹೇಳಿದಳು. ಆಮೇಲೆ ಅಯ್ಯಮ್ಮ ಮುಷ್ಟಿ ಬಿಚ್ಚಿದಳು.

*

ಅಂಗಳದಲ್ಲಿ ಬಾಬಾಸಾಹೇಬರ ಫೋಟೊದ ಮುಂದೆ ಮೇಣಬತ್ತಿಗಳು ಉರಿಯುತ್ತಿದ್ದವು. ಅಯ್ಯಮ್ಮನನ್ನು ಬಿಳಿ ಬಟ್ಟೆ ಹೊದಿಸಿ ಚಟ್ಟದ ಮೇಲೆ ಮಲಗಿಸಿದ್ದರು. ಬುದ್ಧನಿಗೆ ಶರಣೆನ್ನುವ ತ್ರಿಸರಣ ಹೇಳಿ ಮುಗಿದಿತ್ತು. ಹೊರುವವರು ಹೆಗಲಿಗೆ ಟವೆಲ್ ಹಾಕಿಕೊಂಡು ಚಡಪಡಿಸುತ್ತಿದ್ದರು.

ದವಾಖಾನೆಯ ಮ್ಯಾನೇಜರ್ ಬಸವಂತ್ರಾಯ ದೊಡ್ಡ ಸೇವಂತಿಗೆ ಹಾರ ಹಾಕಿ, ಕೈಮುಗಿದು, ಮರಿಲಿಂಗನ ಪಕ್ಕಕ್ಕೆ ಸರಿದ. "ತಂದೀಯೇನು?" ಎಂದು ಮೆಲ್ಲಗೆ ಕೇಳಿದ್ದು ಪಂಚಶೀಲಾಗೆ ಕೇಳಿಸಿತು. ಮರಿಲಿಂಗನ ಕೈ ಜೇಬಿನತ್ತ ಹೋಯಿತು.

"ಮಾಮಾ," ಎಂದಳು ಅವಳು, ಅಂಗಳಕ್ಕೆಲ್ಲ ಕೇಳುವ ಹಾಗೆ. "ಆ ಕಾಗದ ಅವ್ವಗ ಓದಿ ಹೇಳು. ಓದಿ ಹೇಳಿ ಆಮ್ಯಾಗ ಕೊಡು."

ಮಂದಿ ತಿರುಗಿ ನೋಡಿದರು. "ಯಾವ ಕಾಗದ?" "ಏನ್ ಕಾಗದ?" ಎಂದು ಗುಜುಗುಜು ಎದ್ದಿತು. ದಾವಲಬೀ ಹೆಣದ ಎಡಗೈಯನ್ನು ಬಟ್ಟೆಯೊಳಗಿಂದ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇದೆಲ್ಲಾ ಈಗ ಯಾಕವ್ವಾ," ಎಂದ ಬಸವಂತ್ರಾಯ. "ಮಣ್ಣು ಆಗ್ಲಿ ಮೊದಲ. ಹೊತ್ತಾಗ್ಯದ."

"ಆಗ್ಲಿ ಬಿಡ್ರಿ," ಎಂದ ಹೊರಲು ನಿಂತಿದ್ದ ಒಬ್ಬ ಮುದುಕ. "ಓದಿಸದ ಆಕಿ ಯಾವತ್ತೂ ಬಿಟ್ಟಾಕಿ ಅಲ್ಲ. ಓದೋ ಮರಿಲಿಂಗಾ."

"ನೀನ ಓದು ಪಂಚೀ," ಎಂದ ಮರಿಲಿಂಗ. ಜೇಬಿನಿಂದ ತೆಗೆದು ಅವಳತ್ತ ಚಾಚಿದ ಕಾಗದದ ಮಡಿಕೆಯಲ್ಲಿ ಕನ್ನಡ ಅಕ್ಷರ ಕಾಣುತ್ತಿದ್ದವು.

"ಅವತ್ತು ಆಕಿ ಕೇಳಿದ್ದು ನಿನ್ನ. ಇಂಗ್ಲಿಷ್ ಬರಂಗಿಲ್ಲ ಅಂದಿದ್ದಿ. ಇದು ಕನ್ನಡದಾಗ ಅದ."

ಮರಿಲಿಂಗ ಕಾಗದ ಬಿಚ್ಚಿದ. ಏಳನೆಯ ಇಯತ್ತೆ ಓದಿದವನು, ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದ.

"ನಾನು, ಅಯ್ಯಮ್ಮ, ಗಂಡ ದಿವಂಗತ ಭೀಮರಾಯ, ಕೂಲಿ ಕೆಲಸ, ಬರೆದುಕೊಡುವುದೇನೆಂದರೆ... ಸದರಿ ದವಾಖಾನೆಯವರ ಮೇಲಿನ ನನ್ನ ದೂರು ತಪ್ಪು ತಿಳುವಳಿಕೆಯಿಂದ ಕೂಡಿದ್ದು... ನನ್ನ ಗರ್ಭಕೋಶವನ್ನು ನನ್ನ ಪೂರ್ಣ ಒಪ್ಪಿಗೆಯಿಂದಲೇ..."

ಹೆಂಗಸರ ನಡುವೆ ಯಾರೋ "ಥೂ" ಎಂದರು. ಮರಿಲಿಂಗನ ಹಣೆಯಿಂದ ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು. ಅವನು ನಿಲ್ಲಿಸಲಿಲ್ಲ.

"ಈ ಪತ್ರದಲ್ಲಿ ಬರೆದಿರುವುದನ್ನೆಲ್ಲ ನನಗೆ... ನನಗೆ ಓದಿ..."

ಅಲ್ಲಿಗೆ ನಿಂತ. ಮತ್ತೊಮ್ಮೆ ಸಾಲಿನ ಮೊದಲಿಗೆ ಹೋದ. "ನನಗೆ ಓದಿ ಹೇಳಲಾಗಿದ್ದು, ನಾನು ಕೇಳಿ, ತಿಳಿದು..." ಅಕ್ಕನ ಮುಖ ನೋಡಿದ. ಅಭ್ಯಾಸಬಲದಿಂದ ಅಂಗಳದ ಮಂದಿಯೆಲ್ಲ ಅದೇ ಮುಖ ನೋಡುತ್ತಿದ್ದರು, ಅವಳು ಈಗ ಏನಾದರೂ ಕೇಳುತ್ತಾಳೆ ಎಂಬಂತೆ.

ಮರಿಲಿಂಗ ಕುಸಿದು ಕುಳಿತ. ಎರಡು ಕೈಯಿಂದಲೂ ಚಟ್ಟದ ಬಿದಿರು ಹಿಡಿದುಕೊಂಡು, "ಅಕ್ಕಾ, ನಾ ಓದಿ ಹೇಳಲಿಲ್ಲಕ್ಕಾ" ಎಂದು ದೊಡ್ಡ ದನಿ ತೆಗೆದು ಅತ್ತ. ಬೆಳಗಿನಿಂದ ಅವನು ಅತ್ತದ್ದು ಅದೇ ಮೊದಲು.

ಬಸವಂತ್ರಾಯ ಎರಡು ಹೆಜ್ಜೆ ಮುಂದಿಟ್ಟು ಕಾಗದಕ್ಕೆ ಕೈ ಚಾಚಿದ. ಮರಿಲಿಂಗ ಅದನ್ನು ಸೋದರಸೊಸೆಯ ಕೈಗೆ ಕೊಟ್ಟು, ಜೇಬಿನಿಂದ ಆಂಬ್ಯುಲೆನ್ಸಿನ ಚಾವಿ ತೆಗೆದು ಆ ಚಾಚಿದ ಕೈಯಲ್ಲಿಟ್ಟ. ಬಸವಂತ್ರಾಯ ಸುತ್ತಲಿನ ಮುಖಗಳನ್ನು ನೋಡಿ ಹೊರಟುಹೋದ.

"ಹರದು ಹಾಕು," ಎಂದಳು ದಾವಲಬೀ.

"ಬ್ಯಾಡ ಖಾಲಾ. ಇದು ಇರ್ಲಿ."

ಪಂಚಶೀಲಾ ಕಾಗದವನ್ನು ಮಗುಚಿ, ಹೊಸ್ತಿಲ ಮೇಲಿಟ್ಟು, ಹಿಂಬದಿಯಲ್ಲಿ ಬರೆದಳು. ಈ ಹೆಬ್ಬೆಟ್ಟನ್ನು ಯಾವಾಗ, ಯಾರು, ಯಾರ ಮಾತಿನಂತೆ ಒತ್ತಿದರು ಎಂದು. ಹನ್ನೆರಡು ವರ್ಷದ ಹಿಂದಿನ ನಾಲ್ಕು ಹೆಬ್ಬೆಟ್ಟುಗಳನ್ನು ಒತ್ತಿಸಿದವರು ಯಾರು ಎಂದೂ. ಅವಸರದಲ್ಲಿ ಎರಡು ಕಡೆ ಅಕ್ಷರ ಕೆಟ್ಟವು. ಹೊರುವವರು ಚಟ್ಟ ಎತ್ತಿಯೇಬಿಟ್ಟಿದ್ದರು. ಅವಳು ಮಾಮಾನ ಮುಂದೆ ಬಂದು ಸಹಿಗೆಂದು ಪೆನ್ನು ಚಾಚಿದಳು.

ಮರಿಲಿಂಗ ಕಣ್ಣೊರೆಸಿಕೊಂಡು ಕೈಯನ್ನು ಮುಂದೆ ತಂದ. ತಂದವನು ತಡೆದ. ಹೆಬ್ಬೆರಳನ್ನು ಒಳಗೆ ಹಾಕಿ ಮುಷ್ಟಿ ಕಟ್ಟಿಕೊಂಡ.

"ಮೊದಲ ಓದಿ ಹೇಳು," ಎಂದ.

ಹೊರುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಟ್ಟವನ್ನು ಮತ್ತೆ ನೆಲಕ್ಕಿಳಿಸಿದರು. ದಾವಲಬೀ ಬಗ್ಗಿ, ಅಯ್ಯಮ್ಮನ ಕಿವಿಯ ಮೇಲಿದ್ದ ಬಿಳಿ ಬಟ್ಟೆಯನ್ನು ಸರಿಸಿದಳು.