ಗಿರಣಿಯಕ್ಕನ ಒಪ್ಪಿಗೆ

ಕಲ್ಲು ತಿರುಗುವಾಗ ಗಿರಣಿಯೊಳಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ಕಾಳಿನ ಡಬ್ಬಿ ಹೊತ್ತು ಬಂದವರು ಬಾಯಿಗೆ ಬಂದದ್ದನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತಾರೆ. ಒಬ್ಬರ ಹಿಟ್ಟು ಮುಗಿದು, ಕಲ್ಲು ನಿಂತು, ಇನ್ನೊಬ್ಬರ ಕಾಳು ಸುರಿಯುವವರೆಗಿನ ಬಿಡುವಿನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ. ಅಂಚೆಯಣ್ಣ ಮೊಬೈಲು ನೋಡಿ ಸುದ್ದಿ ಓದುವುದೂ ಆ ಬಿಡುವಿನಲ್ಲೇ. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾದ ಮೇಲೆ, ಬೀಸಿಸಲು ಕಾಳಿರಲಿ ಇಲ್ಲದಿರಲಿ, ಬೆಳಗಾದರೆ ಅವನು ಬಾಗಿಲ ಪಕ್ಕದ ಬೆಂಚಿನ ಮೇಲೆ ಹಾಜರು. ಊರಿಗೆ ಸುದ್ದಿ ಮುಟ್ಟಿಸದೆ ಅವನಿಗೆ ತಿಂದದ್ದು ಅರಗುವುದಿಲ್ಲ.

"ಚಂದ್ರನ ಮೇಲೆ ನೀರು ಸಿಕ್ಕಿದೆಯಂತೆ," ಎಂದು ಅವನು ಓದಿದರೆ, ಎದುರು ಮನೆಯ ದರ್ಜಿಯಮ್ಮ, "ನಮ್ಮ ಬೀದಿ ನಲ್ಲಿಗೆ ಅಲ್ಲಿಂದ್ಲೇ ಪೈಪು ಎಳೀಲಿ. ಕೆರೆ ನಂಬಿ ಕೆಟ್ಟಿದ್ದಾಯ್ತು," ಅನ್ನುವಳು.

"ಅಡುಗೆ ಮಾಡೋ ಯಂತ್ರಮನುಷ್ಯ ಬಂದಿದಾನಂತೆ."

"ಪಾತ್ರೆ ತೊಳೀತಾನಾ ಕೇಳಿ. ಅಡುಗೆ ಮಾಡಿ ಕೈ ಒರೆಸ್ಕೊಂಡು ಹೋಗೋನು ನಮ್ಮನೇಲೂ ಒಬ್ಬ ಇದಾನೆ."

ಹಿಂದಾದರೆ ಈ ಮಾತಿಗೆಲ್ಲ ಒಗ್ಗರಣೆ ಹಾಕುತ್ತಿದ್ದವಳು ಗಿರಣಿಯಕ್ಕ. ಕಾಳು ಸುರಿಯುವುದು, ಹಿಟ್ಟು ಇಳಿಯುವ ಚೀಲವನ್ನು ಕೊಡವಿ ಹಿಂದಿನವರದು ಮುಂದಿನವರದಕ್ಕೆ ಬೆರೆಯದಂತೆ ನೋಡುವುದು ಅವಳ ಕೆಲಸ. ಗುಂಡಿ ಒತ್ತುವುದು ಗಂಡನದು. ಎಲ್ಲ ಸರಿಯಾದ ಮೇಲೆ ಅವಳು "ಆಗಲಿ" ಅನ್ನುತ್ತಿದ್ದಳು, ಅವನು ಕಲ್ಲು ತಿರುಗಿಸುತ್ತಿದ್ದ. ಮದುವೆಯಾಗಿ ಬಂದ ಹೊಸತರಿಂದಲೂ ಹೀಗೇ. ಮಕ್ಕಳಿಲ್ಲದ ಆ ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಸುತ್ತಿದ್ದ ಮಾತು ಅದೇ.

ಹೋದ ಸುಗ್ಗಿಗೆ ಮುಂಚೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಕಾಲು ಎಳೆದುಕೊಂಡು ನಡೆಯುವಷ್ಟು ಸುಧಾರಿಸಿತು. ಮಾತು ಮಾತ್ರ ತಿರುಗಿ ಬರಲಿಲ್ಲ. ಬಾಯಲ್ಲಿ ಉಳಿದದ್ದು ಆ ಒಂದೇ ಮಾತು. ಅದನ್ನಾದರೆ ಎಲ್ಲೂ ತೊಡರದೆ, ಹಳೆಯ ದನಿಯಲ್ಲೇ ಅನ್ನುತ್ತಿದ್ದಳು. ಕೇಳಿದವರು, ಇವಳಿಗೆ ಏನೂ ಆಗಿಯೇ ಇಲ್ಲ ಅಂದುಕೊಳ್ಳಬೇಕು, ಹಾಗೆ.

"ಅಕ್ಕಾ, ನಂದು ಒಂಚೂರು ಮುಂಚೆ ಹಾಕಿಸ್ಲಾ?"

"ಆಗಲಿ."

ಸಾಲು ತಪ್ಪಿಸುವವರಿಗೆ ಹಬ್ಬವಾಯಿತು. ಊಟ ಬಡಿಸ್ಲಾ ಅಂದರೆ ಆಗಲಿ, ಮಲಗ್ತೀಯಾ ಅಂದರೆ ಆಗಲಿ. ಗಂಡನಿಗೂ ಮೊದಮೊದಲು ಅದು ಸಮಾಧಾನದ ಸಂಗತಿಯೇ. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಾಳೆ, ಒಪ್ಪುತ್ತಿದ್ದಾಳೆ, ಇನ್ನೇನು ಬೇಕು? "ಪುಣ್ಯವಂತ ಕಣಯ್ಯ ನೀನು. ನಮ್ಮನೆಯವಳ ಬಾಯಲ್ಲಿ ಆ ಮಾತು ಕೇಳೋಕೆ ನಾನು ಮುದುಕನಾದೆ," ಎಂದು ಅಂಚೆಯಣ್ಣ ನಗಿಸುತ್ತಿದ್ದ.

ಅವಳ ತಾಯಿ ದೂರದ ಊರಿನಲ್ಲಿ ಮಗನ ಮನೆಯಲ್ಲಿದ್ದಳು. ಬಾಯಲ್ಲಿ ಒಂದೂ ಹಲ್ಲಿಲ್ಲದ ಆ ಮುದುಕಿಗೆಂದು ಗಿರಣಿಯಕ್ಕ ತೆಳುಬಟ್ಟೆಯಲ್ಲಿ ಸೋಸಿದ ನುಣ್ಣನೆ ಹಿಟ್ಟನ್ನು ಒಂದು ಡಬ್ಬಿಯಲ್ಲಿ ತುಂಬಿ ಬಸ್ಸಿನವರ ಕೈಯಲ್ಲಿ ಕಳಿಸುವಳು. ಬರಿದಾದ ಡಬ್ಬಿ ಅದೇ ಬಸ್ಸಿನಲ್ಲಿ ವಾಪಸು ಬರುತ್ತಿತ್ತು. ಲಕ್ವ ಹೊಡೆದ ಮೇಲೂ ಎಡಗೈಯಲ್ಲೇ ಸೋಸಿ ತುಂಬುವುದನ್ನು ಬಿಟ್ಟಿರಲಿಲ್ಲ. ತಾಯಿ ಹಾಸಿಗೆ ಹಿಡಿದ ಸುದ್ದಿ ಬಂದಾಗ ಗಿರಣಿಯಲ್ಲಿ ಸುಗ್ಗಿಯ ಜನ ಬಾಗಿಲಾಚೆಗೂ ನಿಂತಿದ್ದರು. "ಈ ವಾರ ಆಗಲ್ಲ ಕಣೆ, ಈ ಗಲಾಟೆ ಕಳೀಲಿ, ಆಮೇಲೆ ಹೋಗೋಣ್ವಾ?" ಎಂದು ಗಂಡ ಕೇಳಿದ. "ಆಗಲಿ," ಅಂದಳು.

ಗಲಾಟೆ ಕಳೆಯುವ ಮುಂಚೆಯೇ ಮುದುಕಿ ತೀರಿಕೊಂಡಳು. ಭಾವಮೈದುನನ ಫೋನು ಬಂದದ್ದು ಕಲ್ಲು ತಿರುಗುತ್ತಿದ್ದಾಗ. ಅವನು ಕಲ್ಲು ನಿಲ್ಲಿಸಿ, ಅಷ್ಟು ಜನರ ನಡುವೆ, ಒಂದೇ ಸಮ ಹೇಳಿದ: "ನಿಮ್ಮಮ್ಮ ಬೆಳಗಿನ ಜಾವ ಹೋಗ್ಬಿಟ್ರಂತೆ ಕಣೆ, ನರಳದೆ ಹೋದ್ರಂತೆ, ನೀನು ಈ ಸ್ಥಿತೀಲಿ ಬಸ್ಸಲ್ಲಿ ಬರೋದು ಬೇಡ, ನಾನೇ ಹೋಗಿ ಮಣ್ಣು ಮಾಡಿ ಬರ್ತೀನಿ, ಆಯ್ತಾ?"

"ಆಗಲಿ."

"ಎಂಥ ಗಟ್ಟಿಗಿತ್ತಿ!" ಎಂದರು ಸುತ್ತಲಿದ್ದವರು.

ಅವನಿಗೆ ಮಾತ್ರ ಆ ಗಟ್ಟಿತನ ಮುಳ್ಳಿನಂತೆ ಚುಚ್ಚತೊಡಗಿತು. ಅವಳು ಅಂದು ಅಳಲಿಲ್ಲ, ಆಮೇಲೂ ಅಳಲಿಲ್ಲ. ತಾಯಿಯೆಂದರೆ ಪ್ರಾಣ ಬಿಡುತ್ತಿದ್ದವಳು. ಕೊನೆಗಾಲದಲ್ಲಿ ಮುಖ ತೋರಿಸಲಿಲ್ಲವೆಂದು ತನ್ನ ಮೇಲೆ ಸಿಟ್ಟು ನುಂಗಿಕೊಂಡು ಕೂತಿದ್ದಾಳೆ ಅಂದುಕೊಂಡ. "ಸಿಟ್ಟಾ ನನ್ಮೇಲೆ?" ಎಂದು ಕೇಳಿದರೆ ಅದಕ್ಕೂ ಅದೇ ಉತ್ತರ. ಬೈಯಲಿ, ಶಾಪ ಹಾಕಲಿ, ಆದರೆ ಅವಳ ಮನಸ್ಸಿನಲ್ಲಿ ಏನಿದೆಯೆಂದು ಒಂದು ಸಲ ತಿಳಿಯಬೇಕಿತ್ತು ಅವನಿಗೆ.

ಹೀಗಿರುವಾಗ ಒಂದು ಬೆಳಿಗ್ಗೆ ಅಂಚೆಯಣ್ಣ ಬೆಂಚಿನಿಂದ ಎದ್ದು ನಿಂತೇ ಓದಿದ: "ಇಲ್ಲಿ ಕೇಳ್ರಪ್ಪ. ಲಕ್ವ ಹೊಡೆದು ಮಾತು ನಿಂತ ಹೆಂಗಸಿಗೆ ತಲೇಲಿ ಒಂದು ಕಂಪ್ಯೂಟರ್ ಚಿಪ್ಪು ಕೂರಿಸಿದಾರಂತೆ. ಆಕೆ ಮನಸ್ಸಲ್ಲಿ ಅಂದ್ಕೊಂಡಿದ್ದನ್ನ ಯಂತ್ರ ಓದಿ..."

ಅಷ್ಟರಲ್ಲಿ ಕಾಳು ಸುರಿದಾಗಿತ್ತು. ಗಿರಣಿಯಕ್ಕ ಕೂತಿದ್ದ ಸ್ಟೂಲಿನ ಮೇಲಿಂದ "ಆಗಲಿ" ಕೇಳಿಸಿತು. ಗಂಡನ ಕೈ ತನ್ನಷ್ಟಕ್ಕೆ ಗುಂಡಿ ಒತ್ತಿತು. ದರ್ಜಿಯಮ್ಮನ ಗೋಧಿ ಬೀಸಿ ಮುಗಿಯುವವರೆಗೆ ಅವನು ಅಂಚೆಯಣ್ಣನ ಬಾಯನ್ನೇ ನೋಡುತ್ತ ನಿಂತ. ಹಿಟ್ಟು ದಪ್ಪವಾಗುತ್ತಿದ್ದುದೂ ಅವನ ಗಮನಕ್ಕೆ ಬರಲಿಲ್ಲ. ಕಲ್ಲು ನಿಂತ ಕೂಡಲೇ ಕೇಳಿದ:

"ಯಂತ್ರ ಓದಿ ಏನು ಮಾಡ್ತದಂತೆ?"

"ಮಾತಾಡ್ತದಂತೆ! ಅದೂ ಆಕೆದೇ ಹಳೇ ದನೀಲಿ."

"ಅಯ್ಯೋ, ನಮ್ಮನೆಯವ್ರಿಗೆ ಮಾತ್ರ ಹೇಳ್ಬೇಡಿ," ಎಂದಳು ದರ್ಜಿಯಮ್ಮ. "ನಾನು ಬಾಯಲ್ಲಿ ಅನ್ನೋದೇ ಅವ್ರಿಗೆ ತಡಕೊಳ್ಳೋಕಾಗಲ್ಲ, ಇನ್ನು ಮನಸ್ಸಲ್ಲಿರೋದು ಕೇಳಿದ್ರೆ ಊರು ಬಿಟ್ಟು ಓಡ್ತಾರೆ." ಎಲ್ಲರೂ ನಕ್ಕರು. ಗಿರಣಿಯಕ್ಕನೂ ಎಲ್ಲರ ಮುಖ ನೋಡಿ ನಕ್ಕಳು. ಗಂಡ ನಗಲಿಲ್ಲ. "ದೊಡ್ಡಾಸ್ಪತ್ರೇಲಿ ಕೇಳಿದ್ರೆ ಹೇಳ್ತಾರಾ?" ಅಂದ. ಅಂಚೆಯಣ್ಣನ ನಗು ಅರ್ಧಕ್ಕೇ ನಿಂತಿತು.

ದೊಡ್ಡಾಸ್ಪತ್ರೆಯಲ್ಲಿ ಅವರನ್ನು ಕಳಿಸಿದ್ದು ಮಾತು ಕಲಿಸುವ ಡಾಕ್ಟರಮ್ಮನ ಕೋಣೆಗೆ. ಚಿಕ್ಕ ವಯಸ್ಸಿನವಳು, ತಾಳ್ಮೆಯವಳು. ಅವನು ಬಂದ ಕಾರಣ ಹೇಳಿದಾಗ ಗೇಲಿ ಮಾಡಲಿಲ್ಲ. "ಮೊದ್ಲು ಅಮ್ಮನ್ನ ಮಾತಾಡಿಸ್ತೀನಿ. ಯಜಮಾನ್ರೇ, ನೀವು ಅವ್ರ ಬೆನ್ನ ಹಿಂದೆ ಕೂತ್ಕೊಳ್ಳಿ. ನಿಮ್ಮ ಮುಖ ಅವ್ರಿಗೆ ಕಾಣಬಾರ್ದು," ಅಂದಳು.

ಆಮೇಲೆ, ಮುಖದಲ್ಲಿ ನಗುವೂ ಇಲ್ಲದೆ, ಕೈಸನ್ನೆಯೂ ಇಲ್ಲದೆ ಕೇಳಿದಳು: "ಅಮ್ಮಾ, ನೀವು ಗಂಡಸಾ?"

"ಆಗಲಿ."

ಅವನಿಗೆ ನಗು ಬಂತು.

"ಈಗ ನಡುರಾತ್ರಿನಾ?"

"ಆಗಲಿ."

"ನಿಮ್ಮ ಕೈ ಕತ್ತರಿಸಿ ಹಾಕ್ಲಾ?"

"ಆಗಲಿ."

ಮೇಜಿನ ಮೇಲೆ ಲೋಟ, ಬಾಚಣಿಗೆ, ಬೀಗದ ಕೈ ಇಟ್ಟು ಬಾಚಣಿಗೆ ಕೊಡಿ ಎಂದಾಗ ಅವಳು ಮೂರನ್ನೂ ನೋಡಿ, ಲೋಟವನ್ನು ಎತ್ತಿ, ಹಿಂದೆ ತಿರುಗಿ ಗಂಡನ ಮುಖ ಹುಡುಕಿದಳು. ಅವನು ತಲೆ ತಗ್ಗಿಸಿದ. ಮನೆಯಲ್ಲೂ ಅವಳು ಹೀಗೆ ತನ್ನ ಮುಖ ನೋಡಿಯೇ ಊಟಕ್ಕೆ ಏಳುತ್ತಿದ್ದಳು, ಮುಖ ನೋಡಿಯೇ ಮಲಗಲು ಹೋಗುತ್ತಿದ್ದಳು ಎಂಬುದು ಆಗ ಹೊಳೆಯಿತು.

"ನೀವು ಓದಿಸಿಕೊಂಡ ಸುದ್ದಿ ನಿಜ," ಎಂದಳು ಡಾಕ್ಟರಮ್ಮ. "ಆದ್ರೆ ಅದು ತಲೇಲಿ ಮಾತು ಸರಿಯಾಗಿದ್ದು, ಬಾಯಿಗೆ ಬರೋ ದಾರಿ ಮುಚ್ಚಿದವ್ರಿಗೆ. ಅಂಥವ್ರಲ್ಲೂ ಈಗ ಎಲ್ಲೋ ಒಬ್ಬಿಬ್ಬರಿಗೆ. ಇವ್ರಲ್ಲಿ ಮಾತು ಹುಟ್ಟೋ ಜಾಗಕ್ಕೇ ಪೆಟ್ಟಾಗಿದೆ. ಬೇರೆಯವ್ರು ಹೇಳಿದ್ದೂ ಚೂರುಚೂರೇ ಒಳಗೆ ಹೋಗ್ತದೆ."

"ಹಾಗಾದ್ರೆ ಬುದ್ಧಿ..."

"ಬುದ್ಧಿ ಎಲ್ಲೂ ಹೋಗಿಲ್ಲ. ಪ್ರೀತಿ, ಸಿಟ್ಟು, ದುಃಖ ಎಲ್ಲ ಹಾಗೇ ಇದೆ. ಕಣ್ಣಿಗೆ ಕಂಡಿದ್ದು ಚೆನ್ನಾಗಿ ತಿಳೀತದೆ. ಚಿಕ್ಕ ಮಾತು ಆಡಿ, ನಿಧಾನಕ್ಕೆ ಆಡಿ, ತೋರಿಸಿ ಹೇಳಿ. ಇನ್ನೊಂದು. ಆ ಮಾತು ಬಾಯಿಗೆ ಅಂಟಿಕೊಂಡು ಉಳಿದದ್ದು ಅಷ್ಟೇ. ಅದನ್ನ ಒಪ್ಪಿಗೆ ಅಂತ ತಗೋಬೇಡಿ."

ಬಸ್ಸಿನಲ್ಲಿ ವಾಪಸು ಬರುವಾಗ ಹೆಂಡತಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಅವನು ಇಷ್ಟು ತಿಂಗಳು ತಾನು ಕೇಳಿದ್ದನ್ನೆಲ್ಲ ಒಂದೊಂದಾಗಿ ನೆನೆದ. ಹಸಿವಿಲ್ಲದಾಗಲೂ ಉಣಿಸಿರಬೇಕು. ಇರಲಿ, ಅದು ದೊಡ್ಡದಲ್ಲ. ಮನೆ ಮುಟ್ಟಿ ದೀಪ ಹಾಕಿದಾಗ ಬಾಗಿಲ ಮೂಲೆಯಲ್ಲಿ ತಾಯಿಗೆಂದು ತುಂಬಿಟ್ಟ ಹಿಟ್ಟಿನ ಡಬ್ಬಿ ಕಂಡಿತು. ಮುದುಕಿ ಸತ್ತ ಮೇಲೂ ಅವಳು ಅದನ್ನು ತುಂಬಿ ಅಲ್ಲಿಡುತ್ತಿದ್ದಳು. ರೂಢಿ ಬಿಟ್ಟಿಲ್ಲ ಪಾಪ ಎಂದು ಅವನು ಅವಳಿಗೆ ಕಾಣದಂತೆ ಮನೆಯ ಹಿಟ್ಟಿಗೆ ಸುರಿದುಬಿಡುತ್ತಿದ್ದ. ಡಬ್ಬಿ ಬರಿದಾದದ್ದು ಕಂಡು ಅವಳು ಹಿಗ್ಗಿ ಮತ್ತೆ ತುಂಬುತ್ತಿದ್ದಳು. ಹಿಟ್ಟು ಅಮ್ಮನಿಗೆ ಮುಟ್ಟಿತು ಎಂದು.

ಅವನು ಹೊಸ್ತಿಲ ಮೇಲೇ ಕೂತ. ಅವಳಿಗೆ ಸಿಟ್ಟಿರಲಿಲ್ಲ. ಅವಳಿಗೆ ತಾಯಿ ಸತ್ತದ್ದೇ ಗೊತ್ತಿರಲಿಲ್ಲ.

ಮರುದಿನ ಗಿರಣಿಯಲ್ಲಿ ಎಲ್ಲರೂ ಮುತ್ತಿಕೊಂಡು ಕೇಳಿದರು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಗೊತ್ತಿಲ್ದೇ ಹೋಗಿದ್ದು ಒಳ್ಳೇದೇ ಆಯ್ತು ಅನ್ನು," ಎಂದ ಅಂಚೆಯಣ್ಣ, ಮೊಬೈಲನ್ನು ಜೇಬಿಗೆ ಹಾಕುತ್ತ. "ಅವಳ ಪಾಲಿಗೆ ತಾಯಿ ಬದುಕಿದಾಳೆ. ನೀನ್ಯಾಕೆ ಇನ್ನೊಂದ್ಸಲ ಸಾಯಿಸ್ತೀಯ? ನಾನು ಎಷ್ಟೋ ಮನೆಗೆ ಸಾವಿನ ತಂತಿ ಮುಟ್ಟಿಸಿದೋನು. ಕೊಡದೇ ವಾಪಸು ಹೋಗೋಣ ಅನ್ನಿಸ್ತಿತ್ತು ಪ್ರತಿ ಸಲ."

"ಆದ್ರೂ ಕೊಟ್ರಲ್ಲ?" ಎಂದಳು ದರ್ಜಿಯಮ್ಮ. ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ಹೆತ್ತೋಳು ಹೋಗಿದಾಳೆ. ಊರಿಗೆಲ್ಲ ಗೊತ್ತು, ಮಗಳಿಗೆ ಗೊತ್ತಿಲ್ಲ. ನಾವು ಅವಳ ಮುಂದೇನೇ ಗಟ್ಟಿಗಿತ್ತಿ ಗಟ್ಟಿಗಿತ್ತಿ ಅಂತ ಹೊಗಳಿದ್ವಲ್ಲ ಅಣ್ಣಾ. ಥೂ ನಮ್ಮ ಜನ್ಮಕ್ಕೆ."

ಅವನು ಸ್ಟೂಲಿನ ಕಡೆ ನೋಡಿದ. ಹೆಂಡತಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಏನೋ ನಡೆದಿದೆಯೆಂದು ಅವಳಿಗೆ ತಿಳಿದಿತ್ತು. ಏನೆಂದು ಹೇಳುವವರಿರಲಿಲ್ಲ.

ಆ ವಾರವೇ ಗಿರಣಿಗೆ ಬೀಗ ಹಾಕಿ ಅವಳನ್ನು ತವರಿಗೆ ಹೊರಡಿಸಿದ. ಈ ಸಲ ಹೋಗೋಣ್ವಾ ಎಂದು ಕೇಳಲಿಲ್ಲ. ಅವಳ ಚಪ್ಪಲಿ ತಂದು ಮುಂದಿಟ್ಟು, ಗೋಡೆಯ ಮೇಲಿದ್ದ ಅತ್ತೆಯ ಪಟ ತೋರಿಸಿದ. ಅವಳ ಮುಖ ಅರಳಿದ್ದನ್ನು ನೋಡಲಾರದೆ ಅತ್ತ ತಿರುಗಿದ. ಅವಳು ಎಡಗೈಯಲ್ಲೇ ತಲೆ ಬಾಚಿಕೊಂಡಳು. ಹಿಟ್ಟಿನ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಭಾವಮೈದುನ ಬಸ್ಸು ನಿಲ್ಲುವಲ್ಲಿಗೇ ಬಂದಿದ್ದ. ಫೋನಿನಲ್ಲಿ ಎಲ್ಲ ಕೇಳಿದ್ದ ಅವನು, "ಭಾವ, ಬೇಕಿತ್ತಾ ಇದು?" ಎಂದಷ್ಟೇ ಅಂದ. ಅವಳು ಇಬ್ಬರನ್ನೂ ಹಿಂದೆ ಬಿಟ್ಟು, ಸೋತ ಕಾಲನ್ನು ಎಳೆಯುತ್ತ, ಲಕ್ವ ಹೊಡೆದ ಮೇಲೆ ಯಾವತ್ತೂ ನಡೆಯದಷ್ಟು ಬಿರುಸಾಗಿ ಮನೆ ಸೇರಿದಳು. ತಾಯಿಯ ಕೋಣೆಯಲ್ಲಿ ಮಂಚವಿರಲಿಲ್ಲ, ಕಾಳಿನ ಮೂಟೆಗಳಿದ್ದವು. ಅಡುಗೆಮನೆ ನೋಡಿದಳು. ಹಿತ್ತಲಿಗೆ ಹೋದಳು, ಬಚ್ಚಲ ಬಾಗಿಲು ತಳ್ಳಿದಳು. ತಮ್ಮನ ಹೆಂಡತಿ, "ಅತ್ತಿಗೆ, ಕೂತ್ಕೊಳ್ಳಿ, ನೀರು ಕುಡೀರಿ," ಎಂದು ಹಿಂದೆ ಹಿಂದೆಯೇ ಓಡಾಡಿ, ಕೊನೆಗೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟಳು. ಗಿರಣಿಯಕ್ಕ ಮತ್ತೆ ಕೋಣೆಗೆ ಬಂದು ಡಬ್ಬಿಯನ್ನು ಮೂಟೆಯ ಮೇಲಿಟ್ಟು, ಗಂಡನ ಮುಖ ನೋಡಿದಳು.

ಅವನು ಕೈ ಹಿಡಿದು ಹೊಲದ ಅಂಚಿಗೆ ಕರೆದುಕೊಂಡು ಹೋದ. ಬದುವಿನ ಮರದ ಕೆಳಗೆ ಮಣ್ಣು ದಿಬ್ಬವಾಗಿತ್ತು. ಮೇಲೆ ಆಗಲೇ ಹುಲ್ಲು ಹುಟ್ಟಿತ್ತು. ಅವನು ಅದರತ್ತ ಕೈ ತೋರಿಸಿದ. ಡಾಕ್ಟರಮ್ಮ ಹೇಳಿದಂತೆ, ನಿಧಾನಕ್ಕೆ, ಒಂದೇ ಮಾತು ಅಂದ.

"ಅಮ್ಮ."

ಅವಳು ಮಣ್ಣನ್ನು ನೋಡಿದಳು. ತಮ್ಮನನ್ನು ನೋಡಿದಳು, ಅವನು ಮುಖ ಮುಚ್ಚಿಕೊಂಡಿದ್ದ. ಹುಲ್ಲನ್ನು ಮತ್ತೆ ನೋಡಿದಳು, ಬಹಳ ಹೊತ್ತು. ಅದು ನಿನ್ನೆ ಮೊನ್ನೆಯ ಹುಲ್ಲಲ್ಲವೆಂದು ರೈತನ ಮನೆಯ ಮಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆಮೇಲೆ ಗಂಡನ ಕಡೆ ತಿರುಗಿ ಎಡಗೈಯನ್ನು ಮುಷ್ಟಿ ಮಾಡಿ ಅವನ ಎದೆಗೆ ಗುದ್ದಿದಳು. ಮತ್ತೆ ಗುದ್ದಿದಳು. ಗುದ್ದುತ್ತಲೇ ಇದ್ದಳು. ತಮ್ಮ ಹಿಡಿಯಲು ಓಡಿಬಂದ.

"ಬಿಡು," ಎಂದ ಗಂಡ. ಎದೆ ಒಡ್ಡಿಕೊಂಡೇ ನಿಂತ.

ತೋಳು ಸೋತ ಮೇಲೆ ಅವಳು ನಿಂತಲ್ಲೇ ಕುಸಿದು ಮಣ್ಣಿನ ಮೇಲೆ ಬಿದ್ದು ಅತ್ತಳು. ಅವನು ಪಕ್ಕದಲ್ಲಿ ಕೂತ. ಅವಳ ಅಳು ಸ್ವಲ್ಪ ಇಳಿದಾಗ ತನ್ನ ಎದೆ ಮುಟ್ಟಿ ತೋರಿಸಿ, ಒಂದೊಂದೇ ಮಾತಾಗಿ ಅಂದ: "ನಾನು. ಕರ್ಕೊಂಡು. ಬರ್ಲಿಲ್ಲ."

ಅವಳು ತಲೆಯೆತ್ತಲಿಲ್ಲ. ಕೇಳಿಸಿತೋ, ಒಳಗೆ ಹೋಯಿತೋ, ತಿಳಿಯುವ ದಾರಿ ಅವನಿಗಿರಲಿಲ್ಲ. ಮನೆಯ ಕಡೆಯಿಂದ ತಮ್ಮನ ಹೆಂಡತಿ, ಕೊನೇ ಬಸ್ಸು ಹೋಗಿಬಿಡ್ತದೆ, ಏಳ್ತೀರಾ ಎಂದು ಕೂಗಿ ಕೇಳಿದಳು. ಅವನು ಏಳದೆ, ಮೊದಲಿಗಿಂತ ಇನ್ನಷ್ಟು ನಿಧಾನವಾಗಿ, ಎದೆ ಮುಟ್ಟಿಕೊಂಡು, ಅದನ್ನೇ ಮತ್ತೆ ಹೇಳತೊಡಗಿದ.